ಬೂದಿ ದೊರೆಯನ್ನು ತಿದ್ದಿದ್ದು

ನವೆಂಬರ್ 3, 1996

ಅಕ್ಕ ಡೊರೀನ್‌ಗೆ,

ಮತ್ತೆ ಅದೇ ಕನಸು ಬಿತ್ತು. ನಮ್ಮ ಜೈಲಿನ ಊಟದ ಸಾಲಿನಲ್ಲಿ ಆಟದ ಖಳ ಬೂದಿ ದೊರೆ ತಟ್ಟೆ ಹಿಡಿದು ನನ್ನ ಹಿಂದೆಯೇ ನಿಂತಿದ್ದಾನೆ. ತಿರುಗಿ ನೋಡಿದರೆ ಅವನ ಮುಖವಾಡ ಕಳಚುತ್ತದೆ ಎಂದು ನನಗೆ ಗೊತ್ತು. ಆದರೂ ತಿರುಗುತ್ತೇನೆ. ಮುಖವಾಡದ ಹಿಂದೆ ನನ್ನ ಜೊತೆ ಆಡುವ ವರ್ಜಿಲ್ ಇದ್ದಾನೆ. "ಉಪ್ಪು ಈ ಕಡೆ ಕೊಡು ತಮ್ಮಾ" ಎನ್ನುತ್ತಾನೆ. ಅಷ್ಟೇ ಕನಸು. ಎದ್ದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ನೀನು ನಗುತ್ತೀಯ. ನಗಬೇಡ. ಹತ್ತನೇ ತರಗತಿ ಅರ್ಧಕ್ಕೆ ಬಿಟ್ಟವನು ನಾನು, ಸಾಲಾಗಿ ಹೇಳಲು ಬರುವುದಿಲ್ಲ. ಆದರೂ ಮೊದಲಿನಿಂದ ಹೇಳುತ್ತೇನೆ, ಎಲ್ಲಾದರೂ ತಪ್ಪಿದರೆ ನೀನೇ ಜೋಡಿಸಿಕೋ.

ಶನಿವಾರ ಮಧ್ಯಾಹ್ನ ನಡುಹಾಲಿನ ಮೂಲೆ ಮೇಜಿನಲ್ಲಿ ಆಟ ನಡೆಸುತ್ತೇನೆ ಎಂದು ಬರೆದಿದ್ದೆನಲ್ಲ. ನೀನು ನಮ್ಮ ನೆಲಮಾಳಿಗೆಯಲ್ಲಿ ಆಡಿಸುತ್ತಿದ್ದ ಆಟವೇ. ನಾನು ಕಥೆ ಹೇಳುವುದು, ಅವರವರ ಪಾತ್ರ ಏನು ಮಾಡುತ್ತದೆ ಎಂದು ಅವರು ಹೇಳುವುದು. ದಾಳ ಇಲ್ಲಿ ಜೂಜಿನ ಲೆಕ್ಕಕ್ಕೆ ಬರುತ್ತದೆ, ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಅಂಕಿ ಬರೆದ ಚೀಟಿಗಳನ್ನು ಕಾಫಿ ಲೋಟದಲ್ಲಿ ಹಾಕಿ ಎತ್ತುತ್ತೇವೆ. ಆಟದ ಗಟ್ಟಿ ರಟ್ಟಿನ ಪುಸ್ತಕ ಒಳಗೆ ಬಿಡುವುದಿಲ್ಲ. ಆದ್ದರಿಂದ ನೀನು ಆಗ ಆಡಿಸಿದ ಬೂದಿ ದೊರೆಯ ಕಥೆಯನ್ನು ನೆನಪಿನಿಂದಲೇ ನಡೆಸುತ್ತಿದ್ದೇನೆ. ಮೂವರು ಆಡುತ್ತಾರೆ. ಮಿಲ್ವಾಕಿಯ ಟೇಟ್, ಬಾಯಿಬಡುಕ. ಓಟಿಸ್, ಮಾತೇ ಇಲ್ಲ. ಮತ್ತೆ ವರ್ಜಿಲ್.

ವರ್ಜಿಲ್‌ಗೆ ಐವತ್ತರ ಮೇಲಿರಬೇಕು, ಕಣಜದಂತಹ ಆಳು. ಆಟದಲ್ಲಿ ಮಾತ್ರ ಅವನದು ಬೀಗ ಬಿಚ್ಚುವ ಪುಟ್ಟ ಕಳ್ಳನ ಪಾತ್ರ, ಹೆಸರು ಅಳಿಲು. ಎಲ್ಲಿ ಬಾಗಿಲು ಕಂಡರೂ ಬಿಚ್ಚಬೇಕು. "ಅದಕ್ಕೆ ಬೀಗಾನೇ ಇಲ್ವಲ್ಲೋ ಮುದುಕಾ, ತಳ್ಳು ಸಾಕು" ಎಂದು ಟೇಟ್ ರೇಗಿಸುತ್ತಾನೆ. "ಇರ್ಲಿ ಬಿಡು, ಒಂದ್ಸಲ ನೋಡ್ತೀನಿ" ಎಂದು ಇವನು ಚೀಟಿ ಎತ್ತುತ್ತಾನೆ. ಆಟ ಶುರುವಾಗುವ ಮುಂಚೆ ಅವನು ಸೆಲ್ಲಿನಿಂದ ಹೊರಗೇ ಬರುತ್ತಿರಲಿಲ್ಲವಂತೆ. ತನ್ನ ಸಾಮಾನನ್ನೆಲ್ಲ ಒಂದೊಂದಾಗಿ ಕೊಟ್ಟುಬಿಡುತ್ತಿದ್ದನಂತೆ. ರೇಡಿಯೋವನ್ನು ಟೇಟ್‌ಗೆ ಕೊಟ್ಟ. ಒಳಗಿರುವವನೊಬ್ಬ ಸಾಮಾನು ಹಂಚತೊಡಗಿದರೆ ಏನರ್ಥ ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆಟಕ್ಕೆ ಬರತೊಡಗಿದ ಮೇಲೆ ಹಂಚುವುದು ನಿಂತಿತ್ತು.

ಕಳೆದ ಶನಿವಾರ ಆಟದಲ್ಲಿ ಮೂವರೂ ಸುಟ್ಟುಹೋದ ಗಿರಣಿಗೆ ಬಂದರು. ಕಥೆ ನಿನಗೆ ಗೊತ್ತಲ್ಲ, ಬೂದಿ ದೊರೆ ಹೆಂಡತಿ ಮಗಳನ್ನು ಒಳಗೆ ಕೂಡಿ ಬೆಂಕಿ ಇಟ್ಟು ಶಕ್ತಿ ಪಡೆದದ್ದು. ಅಳಿಲು ಎಂದಿನಂತೆ ಬಾಗಿಲ ಬಳಿ ಹೋದ. ನಾನು ದೊಡ್ಡ ಕಥೆಗಾರನ ಹಾಗೆ ದನಿ ಇಳಿಸಿ ಹೇಳಿದೆ: "ಬೀಗ ಇಲ್ಲ. ಹೊರಗಿಂದ ಅಡ್ಡದಿಮ್ಮಿ ಹಾಕಿದೆ. ತೆಗೆದು ನೋಡಿದರೆ ಬಾಗಿಲ ಒಳಮೈಯಲ್ಲಿ, ಕೆಳಗೆ, ಮೊಣಕಾಲೆತ್ತರದಲ್ಲಿ, ಉಗುರಿನ ಗೀರುಗಳಿವೆ."

ವರ್ಜಿಲ್ ಚೀಟಿ ಎತ್ತಿದ್ದ. ಅದನ್ನು ನೋಡದೆ ಲೋಟಕ್ಕೆ ಹಾಕಿ ಎದ್ದುಹೋದ.

ಊಟದ ಸಾಲಿನಲ್ಲಿ ಟೇಟ್ ನನ್ನ ತೋಳು ಹಿಡಿದು ಹೇಳಿದ: "ನಿಂಗೆ ನಿಜವಾಗ್ಲೂ ಗೊತ್ತಿಲ್ವಾ ಗುರೂ? ವರ್ಜಿಲ್ ಕುಡಿದಿದ್ನಂತೆ, ಒಲೆ ಹತ್ತಲಿ ಅಂತ ಸೀಮೆಎಣ್ಣೆ ಸುರಿದ್ನಂತೆ. ಇವ್ನು ಮುಂದಿನ ಬಾಗಿಲಿಂದ ಹೊರಗೆ ಬಿದ್ದ. ಮಗಳು, ಚಿಕ್ಕ ಮಗು, ಹಿಂದಿನ ಬಾಗಿಲಿಗೆ ಓಡ್ತು. ಚಳಿ ಬರ್ದಿರ್ಲಿ ಅಂತ ಆ ಬಾಗಿಲಿಗೆ ಇವ್ನೇ ಮೊಳೆ ಹೊಡೆದಿದ್ದ."

ನಮ್ಮ ಕಡೆ ಯಾರು ಹೊಡೆಯುವುದಿಲ್ಲ ಹೇಳು, ಹಿಮ ಬೀಳುವ ಮುಂಚೆ ಬಡಗಣ ಬಾಗಿಲಿಗೆ ಮೊಳೆ? ಅಪ್ಪನೂ ಹೊಡೆಯುತ್ತಿದ್ದ.

ಯಾವನು ಯಾಕೆ ಒಳಗೆ ಬಂದ ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಅದು ಮರ್ಯಾದೆ. ಆ ಮರ್ಯಾದೆಯನ್ನು ನಂಬಿ ಹೀಗಾಯಿತು. ವರ್ಜಿಲ್ ಈಗ ಊಟಕ್ಕೂ ಬರುತ್ತಿಲ್ಲ. ಮೊನ್ನೆ ಓಟಿಸ್‌ಗೆ ತನ್ನ ಉಣ್ಣೆಯ ಕಾಲುಚೀಲ ಕೊಟ್ಟ. ಕಥೆ ನಡುವಿಗೆ ಬಂದಿದೆ, ಖಳ ಯಾರೆಂದು ಎಲ್ಲರಿಗೂ ಗೊತ್ತು. ಈಗ ಆ ದೊರೆಯನ್ನು ತಿದ್ದುವುದು ಹೇಗೆ? ಬೇಗ ಬರೆ. ವರ್ಜಿಲ್ ಉಳಿಯಬೇಕು.

ನಿನ್ನ ತಮ್ಮ
ಲೈಲ್

—

ನವೆಂಬರ್ 14, 1996

ಲೈಲ್,

ಜಿಂಕೆ ಬೇಟೆ ಶುರುವಾಗುತ್ತದೆಂದು ವರ್ನ್ ಬಂದೂಕನ್ನೆಲ್ಲ ಅಡುಗೆಮನೆ ಮೇಜಿನ ಮೇಲೆ ಹರವಿಕೊಂಡಿದ್ದಾನೆ. ಗಂಡ ಎನಿಸಿಕೊಂಡವನು ಮೇಜಿನ ಒಂದು ತುದಿಯನ್ನಾದರೂ ನನಗೆ ಬಿಟ್ಟಿದ್ದಾನಲ್ಲ, ಅದೇ ಪುಣ್ಯ. ಅಲ್ಲಿ ಕೂತು ಬರೆಯುತ್ತಿದ್ದೇನೆ. ಚೀಸ್ ಕಾರ್ಖಾನೆಯಿಂದ ಈಗಷ್ಟೇ ಬಂದೆ, ಕೈ ಇನ್ನೂ ಮಜ್ಜಿಗೆ ವಾಸನೆ.

ಮೊದಲು ಉಸಿರು ತೆಗೆದುಕೋ. ಚಿಕ್ಕವನಿದ್ದಾಗಲೂ ನೀನು ಹೀಗೇ, ಗುಡುಗಿದರೆ ನಿನ್ನಿಂದಲೇ ಗುಡುಗಿತು ಎಂದು ಅಳುತ್ತಿದ್ದೆ.

ಈಗ ಕೇಳು. ಮೇಜಿನಲ್ಲಿ ಬಾಯಿಬಿಟ್ಟು ಹೇಳಿದ್ದು ಮಾತ್ರ ನಡೆದದ್ದು. ಉಳಿದದ್ದೆಲ್ಲ ಇನ್ನೂ ಹಸಿ ಹಿಟ್ಟು. ಜೇಡರ ರಾಣಿಯ ಕಥೆ ನೆನಪಿದೆಯಾ? ನೀನು ಜೇಡಕ್ಕೆ ಹೆದರಿ ಚಡ್ಡಿ ಒದ್ದೆ ಮಾಡಿಕೊಂಡೆ. ಆಮೇಲೆ ಮುಂದಿನ ವಾರ ಅವಳು ಸೇತುವೆಯಲ್ಲಿ ಸುಂಕ ಎತ್ತುವ ವಿಧವೆಯಾದಳು. ಜೇಡ ಅಂದದ್ದು ಊರವರ ಬಾಯಿ ಚಪಲ ಎಂದು ನಾನೇ ತಿರುಗಿಸಿದೆ. ನಿಮಗೆ ಯಾರಿಗಾದರೂ ಗೊತ್ತಾಯಿತಾ?

ಬಾಗಿಲ ಗೀರನ್ನು ನೀನು ಹೇಳಿಬಿಟ್ಟಿದ್ದೀಯ, ಅದನ್ನು ಅಳಿಸಲು ಆಗದು. ಅಳಿಸಲು ಹೋದರೆ ಅವನಿಗೋಸ್ಕರ ಅಳಿಸಿದೆ ಎಂದು ಆ ಮನುಷ್ಯನಿಗೆ ಹೊಳೆಯುತ್ತದೆ, ಅದು ಇನ್ನೂ ಕೆಟ್ಟದ್ದು. ಆದರೆ ಗೀರಿದ್ದು ಯಾರು ಎಂದು ನೀನು ಹೇಳಿಲ್ಲ. ನಾಯಿ ಅನ್ನು. ಗಿರಣಿ ಖಾಲಿಯಿತ್ತು ಅನ್ನು. ದೊರೆ ಎನ್ನುವವನು ಒಬ್ಬ ಪುಕ್ಕಲ, ಜನ ಹೆದರಲಿ ಎಂದು ಹೆಂಡತಿ ಮಗಳನ್ನು ಸುಟ್ಟ ಸುದ್ದಿಯನ್ನು ತಾನೇ ಹಬ್ಬಿಸಿದ್ದು ಅನ್ನು. ಅವನ ಒಬ್ಬ ಹಳೆ ಆಳು ಬಂದು ಕುಡಿದ ಮತ್ತಿನಲ್ಲಿ ಹೇಳಲಿ. ಬೇಗ ದಾಟಿಸಿ ಸೇತುವೆ ಕಳ್ಳರ ಉಪಕಥೆಗೆ ಕರೆದುಕೊಂಡು ಹೋಗು. ಎರಡು ವಾರದಲ್ಲಿ ಗಿರಣಿ ಎಲ್ಲರಿಗೂ ಮರೆತಿರುತ್ತದೆ.

ಚಿಕ್ಕದಾಗಿ ತಿದ್ದು, ತಮ್ಮಾ. ಹೊಲಿಗೆ ಕಾಣಬಾರದು.

ಡೊರೀನ್

—

ಡಿಸೆಂಬರ್ 8, 1996

ಅಕ್ಕ,

ಅವನು ಬಂದ! ಟೇಟ್ ಹೋಗಿ ಅವನ ಸೆಲ್ಲಿನ ಮುಂದೆ ಕೂತು, "ನೀನಿಲ್ದೆ ಬೀಗ ಬಿಚ್ಚೋರಿಲ್ಲ, ನಾವು ಮೂರು ಜನ ದೊಡ್ಡ ಬುದ್ಧಿವಂತರು ಒಂದು ಕೋಳಿಗೂಡಿನ ಮುಂದೆ ನಿಂತ್ಕೊಂಡಿದೀವಿ" ಎಂದು ಗೋಳು ಹೊಯ್ದುಕೊಂಡನಂತೆ. ವರ್ಜಿಲ್ ಬಂದು ಕೂತ. ಗಡ್ಡ ಬೆಳೆದಿತ್ತು.

ನೀನು ಹೇಳಿದಂತೆಯೇ ಹಳೆ ಆಳನ್ನು ತಂದೆ. ಹೆಂಡದಂಗಡಿ. ಅವನು ತೊದಲುತ್ತ ಹೇಳಿದ: "ಅಯ್ಯೋ, ಆ ದೊರೆ ಸುಳ್ಳ. ಗಿರಣೀಲಿ ಯಾರೂ ಇರ್ಲಿಲ್ಲ. ಗೀರಿದ್ದು ನಾಯಿ." ಚೆನ್ನಾಗಿಯೇ ಹೋಗುತ್ತಿತ್ತು. ಟೇಟ್ ಆಗಲೇ ಸೇತುವೆ ಕಳ್ಳರ ಕಡೆ ತಿರುಗಿದ್ದ.

ಆಗ ವರ್ಜಿಲ್ ಕೇಳಿದ, ಮೇಜಿನ ಮೇಲೆ ಕಣ್ಣಿಟ್ಟು, "ಹಾಗಾದ್ರೆ ಆ ಹುಡುಗಿ?"

ನಾನು ಸುಮ್ಮನಿರಬೇಕಿತ್ತು. "ಆಳಿಗೆ ಗೊತ್ತಿಲ್ಲ" ಎಂದರೆ ಮುಗಿಯುತ್ತಿತ್ತು. ಆದರೆ ನೀನು ಅವನ ಕೈ ನೋಡಬೇಕಿತ್ತು ಡೊರೀನ್. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಯಾರಿಗೂ ಚೀಟಿ ಎತ್ತಲು ಬಿಡುತ್ತಿರಲಿಲ್ಲ. "ಹುಡುಗಿ ಗಿರಣಿ ಕಾಲುವೆಯಲ್ಲಿ ತೆವಳಿ ಆಚೆ ಹೋದಳು. ನದಿಯಲ್ಲಿ ದೋಣಿ ನಡೆಸುವವರು ಎತ್ತಿಕೊಂಡು ಸಾಕಿದರು" ಎಂದುಬಿಟ್ಟೆ.

ಅವನು ಲೋಟವನ್ನು ಮೇಜಿನ ಮೇಲಿಟ್ಟ. "ಯಾವ ನದಿ?" ಎಂದ.

ಅವತ್ತಿನಿಂದ ಬೇರೆ ಮನುಷ್ಯ. ಗಡ್ಡ ತೆಗೆದ. ಊಟಕ್ಕೆ ಬರುತ್ತಾನೆ. ಟೇಟ್ ಹತ್ತಿರ ಹೋಗಿ "ನನ್ನ ರೇಡಿಯೋ ಕೊಡೋ" ಎಂದ! "ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನಯ್ಯಾ, ನಾಚಿಕೆ ಆಗ್ಬೇಕು" ಎಂದು ಟೇಟ್ ಬೈದ. ಬೈಯುತ್ತಲೇ ತಂದುಕೊಟ್ಟ, ಅವನ ಕಣ್ಣು ಒದ್ದೆಯಾಗಿತ್ತು. ಆಟದಲ್ಲಿ ಅಳಿಲು ಈಗ ಕಳ್ಳತನ ಬಿಟ್ಟಿದ್ದಾನೆ. ಸಿಕ್ಕವರನ್ನೆಲ್ಲ ದೋಣಿಯವರ ಊರು ಎಲ್ಲಿ ಎಂದು ಕೇಳುವುದೇ ಕೆಲಸ. "ದೊರೆಯನ್ನ ಹೊಡೆಯೋದು ಯಾವಾಗ ಗುರೂ? ನಾನು ಕತ್ತಿ ಮಸೆದೂ ಮಸೆದೂ ಚೂರಿಯಾಯ್ತು" ಎಂದು ಟೇಟ್ ಗೊಣಗುತ್ತಾನೆ. ಯಾರೂ ಕೇಳಿಸಿಕೊಳ್ಳುವುದಿಲ್ಲ. ಪ್ರತಿ ಶನಿವಾರ ಆ ನದಿ ಒಂದಿಷ್ಟು ಹತ್ತಿರ ಬರುತ್ತಿದೆ.

ನೀನು ಸಂತೋಷಪಡುತ್ತೀಯ. ನಾನೂ ಪಟ್ಟೆ, ಒಂದು ದಿನ. ಆಮೇಲೆ ಮುಂದಿನದು ಹೊಳೆಯಿತು. ಅವಳು ಸಿಕ್ಕಾಗ ಮಾತಾಡಬೇಕಾದವನು ನಾನು. ಅವಳ ಬಾಯಿ ನನ್ನ ಬಾಯಿ. ಅವನು ಅವಳನ್ನು ಏನು ಕೇಳುತ್ತಾನೆ ಎಂದು ನನಗೆ ಗೊತ್ತಿದೆ, ನಾನೇನು ಹೇಳಲಿ? ಕ್ಷಮಿಸಿದೆ ಎನ್ನಲು ನಾನು ಯಾರು? ಇಲ್ಲ ಎಂದರೆ ಅವನು ಉಳಿಯುತ್ತಾನಾ?

ಲೈಲ್

—

ಡಿಸೆಂಬರ್ 19, 1996

ಲೈಲ್,

ನಾಯಿ ಎನ್ನು ಎಂದೆ. ಹುಡುಗಿ ಬದುಕಿದ್ದಾಳೆ ಎನ್ನು ಎಂದು ನಾನು ಎಲ್ಲಿ ಬರೆದೆ? ನನ್ನ ಕಾಗದ ತೆಗೆದು ಓದು.

ಬೈಯಬಾರದು ಎಂದುಕೊಂಡೇ ಕೂತೆ, ಆಗಲಿಲ್ಲ. ನಿನ್ನ ಕಾಗದ ಬಂದ ಮೇಲೆ ನನಗೂ ನಿದ್ದೆ ಕೆಟ್ಟಿತು. ಟೇಟ್ ಹೇಳಿದ್ದು ಪೂರ್ತಿ ನಿಜವೋ ಜೈಲಿನ ಗಾಳಿಸುದ್ದಿಯೋ ನೋಡೋಣ ಎಂದು ಲೈಬ್ರರಿಗೆ ಹೋಗಿ ಅವನ ಜಿಲ್ಲೆಯ ಹಳೆ ಪತ್ರಿಕೆ ತೆಗೆಸಿದೆ. ಅಲ್ಲಿನ ಹೆಂಗಸು ಯಾಕೆ ಏನು ಎಂದು ಕೇಳದೆ ಒಂದು ಪ್ರತಿ ತೆಗೆದುಕೊಟ್ಟಳು. ಇದರ ಜೊತೆ ಇಟ್ಟಿದ್ದೇನೆ. ಎಲ್ಲವೂ ಅದರಲ್ಲಿದೆ. ಕೈಯಲ್ಲಿ ಬರೆಯಲು ನನ್ನಿಂದ ಆಗದು. ಮಗುವಿನ ಫೋಟೋ ಕೂಡ ಹಾಕಿದ್ದಾರೆ, ಶಾಲೆಯದು. ಅಷ್ಟೇ ಹೇಳುತ್ತೇನೆ, ಟೇಟ್ ಸುಳ್ಳಾಡಿಲ್ಲ.

ಈಗ ನಾನು ಹೇಳುವುದನ್ನು ಅಕ್ಷರ ಬಿಡದೆ ಮಾಡು. ಅವಳು ಸಿಗಬಾರದು. ಸತ್ತಳು ಎಂದೂ ಹೇಳಬೇಡ, ಅದು ಎರಡನೇ ಸಲ ಕೊಂದ ಹಾಗೆ. ಅವಳು ಯಾವಾಗಲೂ ಒಂದು ಊರು ಮುಂದೆ ಇರಲಿ. ಮದುವೆಯಾಗಿ ಹೋದಳು, ಉಪ್ಪಿನ ವ್ಯಾಪಾರಿಗಳ ಜೊತೆ ಹೋದಳು, ಏನಾದರೂ. ಹುಡುಕುತ್ತಿರುವವನು ಬೆಳಿಗ್ಗೆ ಏಳುತ್ತಾನೆ, ಲೈಲ್. ಅಷ್ಟು ಸಾಕು. ನದಿ ಹೆಪ್ಪುಗಟ್ಟಲಿ, ದೋಣಿ ನಿಲ್ಲಲಿ, ಸೇತುವೆ ಕಳ್ಳರನ್ನು ಛೂ ಬಿಡು.

ಇಲ್ಲಿ ಕೆರೆ ಗಟ್ಟಿಯಾಗಿದೆ. ಮಂಜಿಗೆ ತೂತು ಕೊರೆದು ಮೀನು ಹಿಡಿಯುತ್ತೇನೆಂದು ವರ್ನ್ ಆಗಲೇ ಗುಡಿಸಲು ಎಳೆದುಕೊಂಡು ಹೋಗಿದ್ದಾನೆ. ಹಬ್ಬಕ್ಕೆ ನಿನ್ನನ್ನು ನೋಡಲು ಬರಬೇಕೆಂದಿದ್ದೆ, ಹಿಮ ಬಿಡುವಂತೆ ಕಾಣುವುದಿಲ್ಲ.

ಡೊರೀನ್

—

ಜನವರಿ 12, 1997

ಅಕ್ಕ,

ನಿನ್ನ ಕಾಗದ ಬಂತು, ಪತ್ರಿಕೆಯ ಪ್ರತಿ ಬರಲಿಲ್ಲ. ಬೇರೆ ಕೈದಿಯ ವಿಷಯ ಅಚ್ಚಾದದ್ದನ್ನು ಒಳಗೆ ಬಿಡುವುದಿಲ್ಲವಂತೆ. ತೆಗೆದಿದ್ದೇವೆ ಎಂದು ಲಕೋಟೆಯ ಮೇಲೆ ಮುದ್ರೆ ಒತ್ತಿದ್ದಾರೆ. ಒಳ್ಳೆಯದೇ ಆಯಿತು ಎನಿಸಿತು. ಫೋಟೋ ನೋಡಿದ್ದರೆ ಅವಳ ಮುಖ ನನ್ನ ಬಾಯಿಗೆ ಬಂದು ಕೂರುತ್ತಿತ್ತು. ನನಗೆ ಏನೂ ತಿಳಿಸಬೇಡ. ಗೊತ್ತಿಲ್ಲದೆ ಇರುವುದೇ ವಾಸಿ.

ನೀನು ಹೇಳಿದ್ದೆಲ್ಲ ಮಾಡಿದೆ. ನದಿ ಹೆಪ್ಪುಗಟ್ಟಿಸಿದೆ. ಅಳಿಲು ನಡೆದೇ ದಾಟಿದ. ಕಳ್ಳರನ್ನು ಬಿಟ್ಟೆ. ಟೇಟ್ ಮತ್ತು ಓಟಿಸ್ ಹೊಡೆದಾಡುತ್ತಿದ್ದರೆ ಇವನು ಕಳ್ಳರ ನಾಯಕನ ಪಕ್ಕ ಕೂತು ದಾರಿ ಕೇಳಿದ! ಉಪ್ಪಿನ ವ್ಯಾಪಾರಿಗಳ ಜೊತೆ ಹೋದಳು ಎಂದೆ. ನೊಂದುಕೊಳ್ಳಲಿಲ್ಲ, ಹಿಂದೆಯೇ ಹೊರಟ.

ಆಟ ಮುಗಿದು ಚೀಟಿ ಆರಿಸುವಾಗ ಅವನು ನನ್ನ ಜೊತೆ ಉಳಿದ. ಬಿದ್ದ ಚೀಟಿಗಳನ್ನು ಆ ದಪ್ಪ ಬೆರಳುಗಳಲ್ಲಿ ಒಂದೊಂದಾಗಿ ಎತ್ತಿಕೊಡುತ್ತ ಹೇಳಿದ:

"ನೀನು ದಾರಿ ಉದ್ದ ಮಾಡ್ತಿದೀಯ, ತಮ್ಮಾ."

"ಇಲ್ಲ, ಕಥೆನೇ ಹಾಗಿದೆ" ಎಂದೆ.

"ಬೇಡ. ನನ್ನ ಬಗ್ಗೆ ಹೆದರ್ಬೇಡ. ಅವಳು ಏನು ಹೇಳ್ತಾಳೆ ಅಂತ ಹೋಗ್ತಿಲ್ಲ ನಾನು. ಒಂದ್ಸಲ ನೋಡ್ಬೇಕು, ಅಷ್ಟೆ. ಇದ್ದಾಳೆ ಅಂದ್ಮೇಲೆ ನೋಡ್ದೆ ಇರೋದು ಹೇಗೆ, ನೀನೇ ಹೇಳು."

ಅಂದರೆ ಅವನಿಗೆ ಎಲ್ಲ ಗೊತ್ತಿದೆ. ನಾನು ಯಾಕೆ ತಿದ್ದಿದೆ, ಯಾರಿಗಾಗಿ ತಿದ್ದಿದೆ, ಎಲ್ಲ. ಹೊಲಿಗೆ ಕಾಣುತ್ತಲೇ ಇತ್ತು.

ಇನ್ನು ಎಷ್ಟು ಊರು ಅಂತ ಹುಟ್ಟಿಸಲಿ ಡೊರೀನ್? ಅವನ ಮುಖ ನೋಡಿದರೆ, ಹಸಿದವನ ಕಣ್ಣ ಮುಂದೆ ಗಂಜಿ ಹಿಡಿದು ಹಿಂದೆ ಹಿಂದೆ ಸರಿದಂತೆ ಆಗುತ್ತದೆ. ಏನು ಮಾಡಬೇಕೆಂದು ಬರೆ. ಈ ಸಲ ಬೇಗ ಬರೆ.

ಲೈಲ್

—

ಫೆಬ್ರವರಿ 9, 1997

ಅಕ್ಕ,

ನಿನ್ನ ಉತ್ತರ ಬರಲಿಲ್ಲ. ಹಿಮದಲ್ಲಿ ಅಂಚೆ ಗಾಡಿ ಸಿಕ್ಕಿಬಿದ್ದಿದೆ ಎಂದರು. ನೀನು ಬರೆದೇ ಇರುತ್ತೀಯ, ದಾರಿಯಲ್ಲಿರುತ್ತದೆ. ಈಗ ಅದು ಬಂದರೂ ಅಷ್ಟೇ.

ವರ್ಜಿಲ್ ಹೋದ. ಸೋಮವಾರ ಬೆಳಗಿನ ತಲೆ ಎಣಿಕೆಗೆ ಎಲ್ಲರೂ ಬಾಗಿಲಲ್ಲಿ ನಿಂತೆವು, ಅವನು ನಿಲ್ಲಲಿಲ್ಲ. ಹೃದಯ ನಿಂತಿತು ಎಂದು ಗಾರ್ಡ್ ಹೇಳಿದ. ಇಲ್ಲಿ ಯಾರು ಹೇಗೆ ಹೋದರೂ ಹೃದಯ ನಿಂತಿತು ಎಂದೇ ಹೇಳುತ್ತಾರೆ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ಅದರ ಹಿಂದಿನ ಶನಿವಾರ ನಾನು ಅವಳನ್ನು ತೋರಿಸಿದೆ. ಮತ್ತೊಂದು ಊರು ಹುಟ್ಟಿಸಲು ಬಾಯಿ ತೆರೆದವನು, ಅವನನ್ನು ನೋಡಿ, ಆಗದೆ, "ದಡದಲ್ಲಿ ಒಂದು ಮನೆ. ಹೊಗೆ ಬರುತ್ತಿದೆ. ಹೊರಗೆ ಒಬ್ಬ ಹುಡುಗಿ ಬಲೆ ಒಣಗಿಸುತ್ತಿದ್ದಾಳೆ" ಎಂದೆ. ಟೇಟ್ ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಂಡದ್ದು ನನಗೆ ಕಾಣಿಸಿತು. ನಡುಹಾಲಿನಲ್ಲಿ ಟಿವಿ ಅರಚುತ್ತಿತ್ತು, ಇಸ್ಪೀಟಿನವರು ಕಿತ್ತಾಡುತ್ತಿದ್ದರು.

ವರ್ಜಿಲ್ ಕೇಳಿದ, "ಎಷ್ಟು ವಯಸ್ಸು?"

"ಹತ್ತೊಂಬತ್ತು" ಎಂದೆ.

"ಹತ್ತೊಂಬತ್ತು" ಎಂದ. ಮೇಜಿನ ಕೆಳಗೆ ಬೆರಳು ಎಣಿಸುತ್ತಿದ್ದನೋ ಏನೋ, ತೋಳು ಸಣ್ಣಗೆ ಆಡುತ್ತಿತ್ತು. ಆಮೇಲೆ "ಸರಿ" ಎಂದ.

ಈಗ ಕೇಳುತ್ತಾನೆ, ಬಾಗಿಲಿನ ವಿಷಯ ಕೇಳುತ್ತಾನೆ ಎಂದು ನಾನು ಕಾದಿದ್ದೆ. ಅವನು ಕೇಳಿದ್ದು ಇಷ್ಟು: "ಚಳಿಗೆ ಬೆಚ್ಚಗಿನ ಬಟ್ಟೆ ಇದ್ಯಾ, ಮಗಳೇ?"

"ಇದೆ" ಎಂದೆ. ಅವಳು ಏನಾದರೂ ಕೇಳಬೇಕಲ್ಲ ಎಂದು, "ನೀವ್ಯಾರು?" ಎಂದು ಕೇಳಿಸಿದೆ.

"ದಾರೀಲಿ ಹೋಗ್ತಿದ್ದೋನು" ಎಂದ. ಅಳಿಲು ತನ್ನ ತುಪ್ಪಳದ ನಿಲುವಂಗಿ ತೆಗೆದು ಬಲೆಯ ಪಕ್ಕ ಇಟ್ಟು ನಡೆದುಹೋಗುತ್ತಾನೆ ಎಂದು ಹೇಳಿ, ತನ್ನ ಪಾತ್ರದ ವಿವರ ಬರೆದ ಹಾಳೆಯನ್ನು ನೀಟಾಗಿ ಮಡಚಿ ನನ್ನ ಮುಂದೆ ಸರಿಸಿದ.

"ಯಾಕೋ ಮುದುಕಾ, ಆಟ ಬಿಟ್ಯಾ?" ಎಂದ ಟೇಟ್. "ದೊರೆ ಇನ್ನೂ ಬದುಕಿದಾನೆ!"

"ಅವ್ನನ್ನ ನೀವು ನೋಡ್ಕೊಳಿ. ನನ್ನ ಪಾಲಿಂದು ಆಯ್ತು."

ಮುಖ ತಿಳಿಯಾಗಿತ್ತು. ಭಾನುವಾರ ಎರಡು ಸಲ ಸಾರು ಹಾಕಿಸಿಕೊಂಡ. ನನ್ನನ್ನು ನೋಡಿ ತಲೆಯಾಡಿಸಿದ. ನಾನು, ಹೆಡ್ಡ, ಅವತ್ತು ಮೊದಲ ಸಲ ಚೆನ್ನಾಗಿ ನಿದ್ದೆ ಮಾಡಿದೆ.

ಒಳ್ಳೆಯದಾಯಿತು, ನೆಮ್ಮದಿಯಿಂದ ಹೋದ ಎಂದು ಟೇಟ್ ಹೇಳುತ್ತಾನೆ. ಹುಡುಕುವುದನ್ನು ನಾನು ಮುಗಿಸಿದ್ದಕ್ಕೇ ಹೋದ ಎಂದು ನನಗೆ ಅನ್ನಿಸುತ್ತದೆ. ಎರಡೂ ಒಂದೇ ಇರಬಹುದು. ಮೇಜು ಈಗ ಇಸ್ಪೀಟಿನವರದ್ದು. ನಿನ್ನೆ ಶನಿವಾರ ಓಟಿಸ್ ಒಬ್ಬನೇ ಬಂದು ಹತ್ತಿರ ನಿಂತು ಹೋದ.

ಈಗ ನನ್ನನ್ನು ತಿನ್ನುತ್ತಿರುವುದು ಒಂದೇ. ಹತ್ತೊಂಬತ್ತು ಎಂದು ನಾನು ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಅವನ ಮಗಳಿಗೆ ಇಂದಿಗೆ ಅಷ್ಟೇ ವಯಸ್ಸಾಗುತ್ತಿದ್ದರೆ ಅವನು ಅವಳನ್ನೇ ನೋಡಿ ಹೋದ. ತಪ್ಪಾಗಿದ್ದರೆ, ಯಾರದೋ ಹುಡುಗಿಯನ್ನು ತಂದು ನಿಲ್ಲಿಸಿದ್ದೇನೆ ಎಂದು ಅವನಿಗೆ ಆ ಕ್ಷಣವೇ ತಿಳಿದಿತ್ತು. ನಾನು ನೊಂದುಕೊಳ್ಳಬಾರದೆಂದು "ಸರಿ" ಎಂದ. ಆಮೇಲೆ ಆ ಹುಡುಗಿಗೂ ಚಳಿಯಾಗಬಾರದೆಂದು ಕೇಳಿದ.

ತಿಳಿಸಬೇಡ ಎಂದು ನಾನೇ ಬರೆದಿದ್ದೆ. ಅದನ್ನು ಬಿಡು. ಲೈಬ್ರರಿಗೆ ಇನ್ನೊಂದು ಸಲ ಹೋಗು, ಆ ಪತ್ರಿಕೆ ತೆಗೆಸು. ಫೋಟೋ ನೋಡಬೇಡ. ಬೆಂಕಿ ಬಿದ್ದಾಗ ಮಗುವಿಗೆ ಎಷ್ಟು ವಯಸ್ಸು ಎಂದು ಮಾತ್ರ ನೋಡು, ವರ್ಷ ಕೂಡಿಸಿ ಈಗ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕು. ನನಗೆ ಕೂಡುವುದು ಸರಿ ಬರುವುದಿಲ್ಲ, ನಿನಗೆ ಗೊತ್ತಲ್ಲ. ಪ್ರತಿ ಕಳಿಸಬೇಡ, ತೆಗೆದುಬಿಡುತ್ತಾರೆ. ಆ ಒಂದು ಅಂಕಿಯನ್ನು ನಿನ್ನ ಕೈಯಲ್ಲೇ ಬರೆ. ಬರೆಯುವ ಮುಂಚೆ, ದಯವಿಟ್ಟು, ಮತ್ತೊಂದು ಸಲ ನೋಡಿಕೋ.

ಲೈಲ್